ಬಾಹ್ಯ ಹಾರ್ಡ್ ಡಿಸ್ಕ್‌ನ ಮರುಜೋಡಣೆ ಮತ್ತು ದುರಸ್ತಿ

ಬಾಹ್ಯ ಹಾರ್ಡ್ ಡಿಸ್ಕ್ ಎಂಬುದು ಗಣಕಯಂತ್ರಕ್ಕೆ ಹೊರಗಿನಿಂದ, ಸಾಮಾನ್ಯವಾಗಿ ಯುಎಸ್‌ಬಿ ಕೇಬಲ್ ಮೂಲಕ, ಜೋಡಿಸುವ ದತ್ತಾಂಶ ಸಂಗ್ರಹ ಸಾಧನ. 2.5 ಅಂಗುಲದ ಡಿಸ್ಕ್‌ಗಳು ಹೆಚ್ಚಾಗಿ ಈ ಕೇಬಲ್‌ನಿಂದಲೇ ವಿದ್ಯುತ್ ಪಡೆಯುತ್ತವೆ; 3.5 ಅಂಗುಲದವುಗಳಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಆದುದರಿಂದ ಡಿಸ್ಕ್ ಕಾಣಿಸದಿದ್ದಾಗ ಮೊದಲು ಕೇಬಲ್, ಪೋರ್ಟ್ ಹಾಗೂ ಅಡಾಪ್ಟರ್‌ಗಳನ್ನು ಬದಲಿಸಿ ನೋಡಲಾಗುತ್ತದೆ.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಕಂಡರೂ ಡ್ರೈವ್ ಅಕ್ಷರವಿಲ್ಲದಿದ್ದರೆ, ಅದನ್ನು ನೀಡಿದೊಡನೆ ಕಡತಗಳು ದೊರೆಯಬಹುದು. ಫಾರ್ಮ್ಯಾಟ್ ಮಾಡುವಂತೆ ಸೂಚನೆ ಬಂದರೆ ಒಪ್ಪಬಾರದು. ಅದರಿಂದ ಹಳೆಯ ಕಡತಗಳ ಮರುಪಡೆಯುವಿಕೆ ಕಷ್ಟವಾಗುತ್ತದೆ. ಕಡತ ವ್ಯವಸ್ಥೆಯ ದೋಷವನ್ನು ತಿದ್ದುವ ಚೆಕ್‌ಡಿಸ್ಕ್ ಡಿಸ್ಕಿನಲ್ಲಿಯೇ ಬದಲಾವಣೆ ಮಾಡುವುದರಿಂದ, ಓದಲು ಸಾಧ್ಯವಿರುವ ಕಡತಗಳನ್ನು ಮುಂಚಿತವಾಗಿ ಬೇರೆಡೆಗೆ ನಕಲಿಸಿಕೊಳ್ಳುವುದು ಅಗತ್ಯ.

ಡಿಸ್ಕಿನಿಂದ ಟಕ್‌ಟಕ್ ಶಬ್ದ ಮರುಕಳಿಸಿದರೆ ಯಾಂತ್ರಿಕ ದೋಷದ ಸಾಧ್ಯತೆಯಿದ್ದು, ಕೂಡಲೇ ವಿದ್ಯುತ್ ಸಂಪರ್ಕವನ್ನು ಕಡಿದುಹಾಕಬೇಕು. ಒಳಗಿನ ತಟ್ಟೆಗಳಿಗೆ ಧೂಳಿನಿಂದಲೂ ಹಾನಿಯಾಗುವ ಕಾರಣ ಅದನ್ನು ಮನೆಯಲ್ಲಿ ಬಿಚ್ಚದೆ ದತ್ತಾಂಶ ಮರುಪಡೆಯುವ ತಜ್ಞರಿಗೆ ಒಪ್ಪಿಸುವುದು ಸೂಕ್ತ.