ಧುಪದಾಳದ ಹವಾ

ಧುಪದಾಳದ ಕಟ್ಟೆಯ ಹತ್ತಿರ ನಿಂತರೆ ನಮಗೆ ಮೊದಲು ಕಾಣುವುದು ನೀರು, ಆಮೇಲೆ ಹಕ್ಕಿಗಳು. ಗಾಳಿಗೂ ಇಲ್ಲೊಂದು ಚರಿತ್ರೆಯಿದೆ ಎಂಬುದು ಥಟ್ಟನೆ ಹೊಳೆಯುವುದಿಲ್ಲ. ಕೆಳಗೆ ಗೋಕಾಕ ಜಲಪಾತದ ಬಳಿ 1887ರಲ್ಲಿ ನೂಲಿನ ಗಿರಣಿ ತಿರುಗಿದ್ದು ಘಟಪ್ರಭೆಯ ನೀರಿನ ಬಲದಿಂದ. ಅದೇ ಕಾಲದ ಮುಂಬಯಿ ಗಿರಣಿಗಳು ಕಲ್ಲಿದ್ದಲು ನುಂಗಿ ಹೊಗೆ ಉಗುಳುತ್ತಿದ್ದವು. ಧುಪದಾಳದ ಕಟ್ಟೆ ಮುಗಿದದ್ದು 1897ರಲ್ಲಿ. ಮುಂದೆ 1929ರಲ್ಲಿ ಡಾ. ಕೊಕಟನೂರ, ಡಾ. ನಾ.ಸು. ಹರ್ಡೀಕರರಂಥವರು ಘಟಪ್ರಭೆಯಲ್ಲಿ ಆರೋಗ್ಯಧಾಮ ಕಟ್ಟಿದರು. ಕ್ಷಯಕ್ಕೆ ಮಾತ್ರೆಯಿಲ್ಲದ ಆ ದಿನಗಳಲ್ಲಿ ವೈದ್ಯರು ಹೇಳುತ್ತಿದ್ದ ಮದ್ದೆಂದರೆ ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ. 'ಹವಾ ಬದಲಿಗೆ ಹೋಗ್ಯಾರ' ಎಂಬ ಮಾತು ನಮ್ಮ ಕಡೆ ಮನೆಮಾತಾಗಿತ್ತು. ಅರಬಿಯಿಂದ ಹೊರಟ ಹವಾ ಯಾವ ತಕರಾರೂ ಇಲ್ಲದೆ ಕನ್ನಡದಲ್ಲಿ ಬಂದು ಕೂತಿದೆ. ತಕರಾರೂ ಅಲ್ಲಿಂದಲೇ ಬಂದದ್ದು ಅನ್ನಿ.

ಗಾಳಿಗೆ ಕಾನೂನು ಮಾಡಬೇಕೆಂದು ಸರಕಾರಗಳಿಗೆ ತೋಚಿದ್ದು ತಡವಾಗಿ. ಇಂಗ್ಲೆಂಡಿನ ಸೋಡಾ ಕಾರ್ಖಾನೆಗಳ ಆಮ್ಲದ ಅನಿಲ ಮರಗಿಡಗಳನ್ನು ಸುಟ್ಟಾಗ, ಅದರ ನೂರಕ್ಕೆ 95 ಪಾಲನ್ನು ಹಿಡಿದಿಡಬೇಕೆಂದು 1863ರಲ್ಲಿ ಅಲ್ಲಿ ಕಾಯ್ದೆಯಾಯಿತು. ದೂರಿದವರಲ್ಲಿ ಜೋರು ದನಿ ಭೂಮಾಲೀಕರದು. ಕೂಲಿಯವನ ಕೆಮ್ಮು ಕೇಳಿಸಿದ್ದು ಕಡಿಮೆ. ನಮ್ಮಲ್ಲಿ 1905ರಲ್ಲಿ ಬಂಗಾಳ, 1912ರಲ್ಲಿ ಮುಂಬಯಿ ಹೊಗೆಯ ಮೇಲೆ ಕಾಯ್ದೆ ತಂದವು. ಎರಡೂ ಕಣ್ಣಿಗೆ ಕಾಣುವ ಹೊಗೆಯನ್ನು ಹಿಡಿಯಲು ಹೊರಟವು.

ಕಾಣದ ವಿಷದ ಮಾತು ಭೋಪಾಲಕ್ಕೆ ಗೊತ್ತು. 1984ರ ಡಿಸೆಂಬರ್ 2ರ ರಾತ್ರಿ ಮಿಥೈಲ್ ಐಸೋಸೈನೇಟ್ ಸೋರಿ ಸಾವಿರಾರು ಜನ ಸತ್ತಾಗ, ದೇಶದಲ್ಲಿ ವಾಯುಮಾಲಿನ್ಯ ಕಾಯ್ದೆ ಇರಲಿಲ್ಲವೆ? ಇತ್ತು, 1981ರದು. ಆದರೆ ಆ ಕಾಯ್ದೆಯಡಿ ಉಸಿರು ಕಟ್ಟಿದವನು ನೇರವಾಗಿ ಕೋರ್ಟಿಗೆ ಹೋಗುವಂತಿರಲಿಲ್ಲ, ಮಂಡಳಿಯೇ ದೂರಬೇಕಿತ್ತು, ಇಲ್ಲವೆ ಅದರ ಅನುಮತಿ ಬೇಕಿತ್ತು. 1987ರ ತಿದ್ದುಪಡಿ ಬಂದ ಮೇಲೆ, 60 ದಿನಗಳ ನೋಟೀಸು ಕೊಟ್ಟು ಸಾಮಾನ್ಯನೂ ಕಟಕಟೆ ಹತ್ತಬಹುದೆಂದಾಯಿತು. ಅಷ್ಟು ಹಕ್ಕಿಗೆ ಅಷ್ಟು ಹೆಣ ಬೀಳಬೇಕಿತ್ತೆ? 2023ರಲ್ಲಿ ಸಂಸತ್ತು ಈ ಕಾಯ್ದೆಯ ಹಲವು ತಪ್ಪುಗಳಿಗಿದ್ದ ಜೈಲುಶಿಕ್ಷೆಯನ್ನು ತೆಗೆದು ದಂಡ ಇಟ್ಟಿತು. ಹಣವಿದ್ದವರಿಗೆ ದಂಡವೂ ಒಂದು ಖರ್ಚಷ್ಟೆ ಎಂಬ ಭಯ ನಮಗಿದೆ.

ಘಟಪ್ರಭೆಯ ಕಾಲುವೆ ಹರಿದಲ್ಲೆಲ್ಲ ಇವತ್ತು ಕಬ್ಬು. ಕಟಾವಾದ ಮೇಲೆ ಹೊಲದಲ್ಲಿ ರವದಿಗೆ ಬೆಂಕಿ ಬೀಳುತ್ತದೆ. ರೈತನನ್ನು ಬೈದು ಪ್ರಯೋಜನವಿಲ್ಲ. ಆಳಿನ ಕೂಲಿ, ಮುಂದಿನ ಬೆಳೆಯ ಅವಸರ ಅವನಿಗಿವೆ. ರವದಿಯನ್ನು ಪುಡಿಮಾಡಿ ಹೊಲಕ್ಕೇ ಹೊದಿಸುವ ಯಂತ್ರ ಅವನ ಕೈಗೆಟುಕಿದರೆ ಕಾನೂನು ಮಾಡದ ಕೆಲಸ ಆದೀತು. ಅಲ್ಲಿಯವರೆಗೆ ಕಾರ್ಖಾನೆಯ ಚಿಮಣಿಗೆ ಲೆಕ್ಕವಿದೆ, ಹೊಲಕ್ಕೆ ಚಿಮಣಿಯೇ ಇಲ್ಲ. ಸಂಜೆ ಒಣಹಾಕಿದ ಬಟ್ಟೆಯ ಮೇಲೆ ಕೂತ ಕರಿಯನ್ನು ಹೆಂಗಸರು ಕೊಡವಿ ಒಳಗೆ ಒಯ್ಯುತ್ತಾರೆ.