ಅಗಲವಾದ ಮುಖಗಳು

ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿಯಲ್ಲೂ, ಹಳೆಯ ಕ್ಯಾಸೆಟ್‌ಗಳನ್ನು 'ಫೋರ್‌ಕೆ'ಗೆ ಏರಿಸಿಕೊಡುವ ವ್ಯಾಪಾರ ಜೋರಾಗಿದೆ. ಪಿಕ್ಸೆಲ್ ಹೆಚ್ಚಿದರೆ ಚಿತ್ರ ಸುಧಾರಿಸಿತೆಂಬ ನಂಬಿಕೆಯೇ ಅದರ ಬಂಡವಾಳ. ಆಕಾರ ಉಳಿಯಿತೇ ಎಂದು ಕೇಳುವವರು ಕಡಿಮೆ.

ಆರಂಭದ ಕಥೆ ಎಲ್ಲರಿಗೂ ಗೊತ್ತಿರುವುದೇ. ಎಡಿಸನ್ ಕಾಲದ ಫಿಲ್ಮು 4:3 ಚೌಕಟ್ಟು ಕೊಟ್ಟಿತು, ಟಿವಿ ಅದನ್ನೇ ಎತ್ತಿಕೊಂಡಿತು. 1953ರಲ್ಲಿ ಹಾಲಿವುಡ್ಡಿಗೆ ಸಿನಿಮಾಸ್ಕೋಪ್ ಬಂತು, 1959ರಲ್ಲಿ 'ಕಾಗಜ್ ಕೆ ಫೂಲ್' ಮೂಲಕ ನಮ್ಮಲ್ಲಿಗೆ. ಕ್ಯಾಮೆರಾದ ಲೆನ್ಸು ಅಡ್ಡಕ್ಕೆ ಹಿಂಡಿದ್ದನ್ನು ಪ್ರೊಜೆಕ್ಟರಿನ ಲೆನ್ಸು ಬಿಡಿಸುತ್ತಿತ್ತು. ಟಾಕೀಸಿನ ಆಪರೇಟರನಿಗಿದ್ದ ಈ ಶಿಸ್ತು ಮುಂದೆ ಅಂಗಡಿಗಳಿಗೆ ಬರಲಿಲ್ಲ.

ನಮ್ಮ ಕಾಲ ಮಿನಿ ಡಿವಿಯದು. ಗಡಕರಿ ರಂಗಾಯತನದಲ್ಲೋ ವಿಷ್ಣುದಾಸ್ ಭಾವೆ ನಾಟ್ಯಗೃಹದಲ್ಲೋ ಯಕ್ಷಗಾನ ಶೂಟ್ ಮಾಡಿ, ಡೊಂಬಿವಲಿಯ ಕೋಣೆಯಲ್ಲಿ ರಾತ್ರಿಯೆಲ್ಲ ಕ್ಯಾಪ್ಚರ್‌ಗೆ ಹಾಕುತ್ತಿದ್ದೆವು. ಪಾಲ್ ಡಿವಿಯ ಫ್ರೇಮು 720×576. ಭಾಗಿಸಿದರೆ 5:4 ಬರುತ್ತದೆ, 4:3 ಅಲ್ಲ. ಅದರ ಪಿಕ್ಸೆಲ್ ಚೌಕವಲ್ಲ, ತುಸು ಅಗಲ. ಕಂಪ್ಯೂಟರಿಗೆ ತರುವಾಗ 768×576 ಮಾಡಬೇಕು. ವೈಡ್‌ಸ್ಕ್ರೀನಿನಲ್ಲಿ ಹಿಡಿದಿದ್ದರೆ ಅದೇ 720×576 ಫೈಲು 1024×576 ಆಗಬೇಕು. ಭೇದವೆಲ್ಲ ಒಳಗಿನ ಒಂದು ಸಣ್ಣ ಗುರುತಿನಲ್ಲಿ. ಅದನ್ನು ಓದದ ಸಾಫ್ಟ್‌ವೇರು ಬಣ್ಣದ ವೇಷವನ್ನೂ ಸೊರಗಿಸಿಬಿಡುತ್ತಿತ್ತು.

ವರ್ಚುವಲ್‌ಡಬ್ ಹಿಡಿದು ಕಲಿತ ನಮ್ಮ ಪಂಗಡಕ್ಕೆ ಇನ್ನೊಂದು ಹಟವಿತ್ತು: ಮೊದಲು ಡಿ-ಇಂಟರ್‌ಲೇಸ್, ಆಮೇಲೆ ಅಳತೆ. ಪಾಲ್‌ನಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳು. ಬಿಡಿಸದೆ ಎತ್ತರ ಬದಲಿಸಿದರೆ ಧೀಂಗಿಣದ ತಿರುವೆಲ್ಲ ಗೆರೆಗೆರೆ. ಎಫ್ಎಫ್ಎಂಪೆಗ್ ಬಂದ ಮೇಲೆ ಅಗಲದ ಜಾಗದಲ್ಲಿ -2 ಬರೆದರೆ ಸಾಕು, ಎತ್ತರಕ್ಕೆ ತಕ್ಕ ಸಮಸಂಖ್ಯೆಯನ್ನು ಅದೇ ಹುಡುಕುತ್ತದೆ. ಆದರೆ ಇದು ಚೌಕ ಪಿಕ್ಸೆಲಿನ ಫೈಲಿಗೆ ಮಾತ್ರ ನೆಮ್ಮದಿ. ಡಿವಿಗೆ 768 ಎಂದು ನಾವೇ ಹೇಳಿ, ಪಿಕ್ಸೆಲ್ ಈಗ ಚೌಕವೆಂದೂ ನಮೂದಿಸಬೇಕು. ಹೊಸಬರು ಎಡವುವುದು ಇಲ್ಲೇ. ಸರಿಯಾಯಿತೇ ಎಂದು ನೋಡಲು ವೇದಿಕೆಯ ಬ್ಯಾನರಿನಲ್ಲಿರುವ ಸಂಘದ ದುಂಡು ಲಾಂಛನದಷ್ಟು ನಂಬಿಕಸ್ಥ ಸಾಕ್ಷಿ ಇಲ್ಲ.

ಎಲ್‌ಸಿಡಿ ಟಿವಿ ಮನೆ ಹೊಕ್ಕಾಗ ಕಪ್ಪು ಅಂಚು ಅಪರಾಧವಾಯಿತು. 1920×1080ರಲ್ಲಿ 4:3 ಚಿತ್ರಕ್ಕೆ ಸಲ್ಲುವ ಅಗಲ 1440. ಎರಡು ಬದಿ 240ರಷ್ಟು ಕಪ್ಪು. 'ಪೂರ್ತಿ ದುಡ್ಡು ಕೊಟ್ಟಿದ್ದೇವಲ್ಲ, ಪರದೆ ಯಾಕೆ ಖಾಲಿ?' ಎನ್ನುತ್ತಿದ್ದರು ಗಿರಾಕಿಗಳು. ಹಿಗ್ಗಿಸಿದ ಅಂಗಡಿಯವರು ಗೆದ್ದರು, ಮದುಮಗಳ ಮುಖ ಮೂರನೆಯ ಒಂದು ಪಾಲು ಅಗಲವಾಯಿತು. ಬದಿಗಳಿಗೆ ಅದೇ ಚಿತ್ರವನ್ನು ಮಸುಕಾಗಿ ತುಂಬುವ ಚಾಳಿ ಆಮೇಲಿನದು. ನನಗಂತೂ ಅದು ಶೋಕಿ.

ಈಗ ರೀಲ್ಸ್. 1920ರ ಅಗಲದಲ್ಲಿ 9:16ಕ್ಕೆ ಸಿಗುವುದು ಸುಮಾರು 608, ಮೂರರಲ್ಲೊಂದು ಪಾಲೂ ಅಲ್ಲ. ತಾಳಮದ್ದಳೆಯಲ್ಲಿ ಮಾತಾಡುವವನು ಉಳಿಯುತ್ತಾನೆ, ಎದುರಿನ ಅರ್ಥಧಾರಿ ಹೊರಗೆ. ಉತ್ತರ ಕೊಡಲಿರುವವನ ಮುಖದಲ್ಲೇ ಅಲ್ಲವೇ ಅರ್ಧ ಪ್ರಸಂಗ ಇರುವುದು?

ಹಿಗ್ಗಿಸಿದ್ದನ್ನು ಲೆಕ್ಕ ಗೊತ್ತಿದ್ದರೆ ಮತ್ತೆ ಕುಗ್ಗಿಸಬಹುದು, ಕತ್ತರಿಸಿದ್ದು ಬಾರದು. ಎಐ ತಂತ್ರಾಂಶವಂತೂ ಅಗಲವಾದ ಮುಖಕ್ಕೇ ಹೊಸ ರೆಪ್ಪೆ, ಹೊಸ ಚರ್ಮ ಬರೆಯುತ್ತದೆ. ಇಷ್ಟಾದರೂ ಡಿಸ್ಕಿನ ಲೇಬಲಿನಲ್ಲಿ ಪ್ರಸಂಗದ ಹೆಸರು, ತಾರೀಖು, ಪ್ರಾಯೋಜಕರ ಹೆಸರು ಇರುತ್ತವೆ; 4:3 ಎಂದಾಗಲಿ 16:9 ಎಂದಾಗಲಿ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಕ್ಯಾಸೆಟ್ಟನ್ನು ವಾಪಸು ಕೇಳಿ ಪಡೆಯುವವರೂ ವಿರಳ.