ಯಂತ್ರಯುಗದ ಕನಸು ಹೊಲಿದ ಮನೆ

ಮೊದಲ ಮಹಾಯುದ್ಧ ಮುಗಿದಾಗ ಉತ್ತರ ಇಟಲಿಯ ರೊವೆರೆತೊ ಪಟ್ಟಣ ಜರ್ಝರಿತವಾಗಿತ್ತು. ಆಸ್ಟ್ರಿಯಾದ ಆಳ್ವಿಕೆಯಿಂದ ಆಗಷ್ಟೇ ಬಿಡಿಸಿಕೊಂಡಿದ್ದ ಈ ಊರಿನಲ್ಲಿ ಕಲಾವಿದ ಫೋರ್ತುನಾತೊ ದೆಪೆರೊ ಮತ್ತು ಪತ್ನಿ ರೊಜೆತ್ತಾ ಅಮಾದೊರಿ 1919ರಲ್ಲಿ ಫ್ಯೂಚರಿಸ್ಟ್ ಕಲಾಮನೆಯನ್ನು ತೆರೆದರು. ಯಂತ್ರವನ್ನು ಆರಾಧಿಸಿದ ಚಳವಳಿಯೊಂದಕ್ಕೆ ಕೈಕಸುಬು ನೆಲೆ ಕೊಟ್ಟ ಈ ಸಂಸ್ಥೆ ಹುಟ್ಟಿ ಈಗ ಶತಮಾನ ದಾಟಿದೆ.

ಫ್ಯೂಚರಿಸಂ ಎಂಬ ಆ ಚಳವಳಿಗೆ ಆಗ ಹತ್ತು ವರ್ಷ. 1909ರ ಫೆಬ್ರವರಿ 20ರಂದು ಪ್ಯಾರಿಸ್ಸಿನ ‘ಲ ಫಿಗಾರೊ’ ಪತ್ರಿಕೆಯಲ್ಲಿ ಕವಿ ಮರಿನೆತ್ತಿ ಪ್ರಕಟಿಸಿದ ಪ್ರಣಾಳಿಕೆ, ವೇಗವನ್ನು ಹೊಸ ಸೌಂದರ್ಯವೆಂದು ಸಾರಿತ್ತು. ವಸ್ತುಸಂಗ್ರಹಾಲಯಗಳು ನೆಲಸಮವಾಗಲಿ ಎಂದಿತ್ತು. 1915ರಲ್ಲಿ ಕಲಾವಿದ ಜಾಕೊಮೊ ಬಾಲ್ಲಾ ಮತ್ತು ದೆಪೆರೊ ಸೇರಿ ಬರೆದ ಪ್ರಣಾಳಿಕೆಯ ಆಸೆ ಇನ್ನೂ ದೊಡ್ಡದು: ಕಲೆ ಚೌಕಟ್ಟು ಬಿಟ್ಟಿಳಿದು ಉಡುಪು, ಆಟಿಕೆಗಳಿಗೂ ಹಬ್ಬಬೇಕು.

ಆ ಆಸೆ ಕೈಗೂಡಿದ್ದು ಈ ಮನೆಯಲ್ಲಿ. ದೆಪೆರೊ ವಿನ್ಯಾಸ ಬರೆದರೆ, ರೊಜೆತ್ತಾರ ಮೇಲ್ವಿಚಾರಣೆಯಲ್ಲಿ ಕೆಲಸದ ಹೆಣ್ಣುಮಕ್ಕಳು ಬಣ್ಣಬಣ್ಣದ ಉಣ್ಣೆಬಟ್ಟೆಯನ್ನು ಕತ್ತರಿಸಿ, ಜೋಡಿಸಿ ಹೊಲಿದರು. ಯಂತ್ರಗೊಂಬೆಗಳಂಥ ಮನುಷ್ಯರು, ಕೋನಕೋನವಾದ ಪ್ರಾಣಿಗಳು ಹೀಗೆ ಗೋಡೆಯಗಲದ ಭಿತ್ತಿವಸ್ತ್ರಗಳಾದವು. 1925ರ ಪ್ಯಾರಿಸ್ ಅಲಂಕಾರ ಕಲಾ ಪ್ರದರ್ಶನಕ್ಕೂ ಹೋದವು. ಜಾಹೀರಾತುಗಳನ್ನೂ ಕಲೆಯೆಂದೇ ನಂಬಿದ್ದ ದೆಪೆರೊ, 1927ರಲ್ಲಿ ಎರಡು ಅಲ್ಯೂಮಿನಿಯಂ ಬೋಲ್ಟುಗಳಿಂದ ಬಿಗಿದ ಪುಸ್ತಕ ತಂದರು. 1932ರ ಕಂಪಾರಿ ಸೋಡಾ ಬಾಟಲಿಯ ಆಕಾರವೂ ಅವರ ಕಲ್ಪನೆಯದೇ.

ಸ್ಮರಿಸುವಾಗ ನೋವಿನ ಪುಟವನ್ನು ಮುಚ್ಚಿಡಬಾರದು. ಚಳವಳಿ ಯುದ್ಧವನ್ನು ಹಾಡಿ ಹೊಗಳಿತು. ಯುದ್ಧದಲ್ಲಿ ನಲುಗಿದ ಊರಿನ ಕಲಾವಿದರೇ 1925ರಲ್ಲಿ ‘ಯುದ್ಧ-ಹಬ್ಬ’ ಎಂಬ ಭಿತ್ತಿವಸ್ತ್ರ ರಚಿಸಿದರು. ಮುಂದೆ ಫ್ಯಾಸಿಸ್ಟ್ ಆಡಳಿತಕ್ಕಾಗಿಯೂ ದೆಪೆರೊ ದುಡಿದರು. ಆ ವೈಭವೀಕರಣ ತಪ್ಪೇ. ಅದನ್ನು ಹೇಳಿಯೇ ಅವರ ಪ್ರತಿಭೆಯನ್ನು ಗೌರವಿಸಬೇಕು.

ಕೊನೆಗಾಲದಲ್ಲಿ ದೆಪೆರೊ ತಮ್ಮ ಕೃತಿಗಳನ್ನು ಊರಿಗೇ ಒಪ್ಪಿಸಿ, ನಗರಸಭೆಯೊಂದಿಗೆ ಕೂಡಿ ವಸ್ತುಸಂಗ್ರಹಾಲಯ ಕಟ್ಟಿದರು. ಹಳೆಯ ಪೇಟೆಯ ಕಟ್ಟಡದಲ್ಲಿ ಗೋಡೆಯ ಅಲಂಕಾರ, ಪೀಠೋಪಕರಣಗಳನ್ನೂ ತಾವೇ ರೂಪಿಸಿದರು. 1959ರಲ್ಲಿ ಅದು ತೆರೆಯಿತು. ಮರುವರ್ಷ ಅವರು ತೀರಿಕೊಂಡರು. ಜೀರ್ಣೋದ್ಧಾರದ ನಂತರ, ಚಳವಳಿಯ ನೂರನೇ ವರ್ಷವಾದ 2009ರಲ್ಲಿ, ಆಧುನಿಕ ಕಲೆಯ ‘ಮಾರ್ಟ್’ ಸಂಗ್ರಹಾಲಯದ ಅಂಗವಾಗಿ ಮತ್ತೆ ಬಾಗಿಲು ತೆರೆಯಿತು.

ವಸ್ತುಸಂಗ್ರಹಾಲಯಗಳನ್ನು ಕೆಡವಲು ಹೊರಟ ಚಳವಳಿಯ ಬಣ್ಣಗಳು ಇಂದು ನೋಡಸಿಗುವುದು ಇಂಥ ಕಾಪಿಟ್ಟ ಮನೆಗಳಿಂದಲೇ. ಶತಮಾನದ ಈ ಗೌರವದಲ್ಲಿ ದೆಪೆರೊ ಹೆಸರಿನ ಪಕ್ಕದಲ್ಲೇ ರೊಜೆತ್ತಾ ಅವರ ಹೆಸರೂ, ಅವರೊಡನೆ ಕುಳಿತು ಹೊಲಿದ ಹೆಣ್ಣುಮಕ್ಕಳ ದುಡಿಮೆಯೂ ದಾಖಲಾಗಬೇಕು.